ಎರಡು ಬ್ಲೀಪ್

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ನಾನು ಕಾರ್ಡಿಯಾಲಜಿ ರಿಜಿಸ್ಟ್ರಾರ್, ಅಂದರೆ ಹೃದಯ ತಜ್ಞೆಯಾಗಲು ತರಬೇತಿಯಲ್ಲಿರುವ ಡಾಕ್ಟರ್. ಹಗಲು ಹೊತ್ತು ಕಾರ್ಡಿಯಾಲಜಿಯ ಬ್ಲೀಪ್ (ಕರೆ ಬಂದರೆ ಕೂಗುವ ಪೇಜರ್) ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತೇನೆ. ಕೆಲವು ರಾತ್ರಿ ಮಾತ್ರ ಬೇರೆ ಬ್ಲೀಪ್. ಅದು ಮೆಡಿಕಲ್ ರಿಜಿಸ್ಟ್ರಾರ್‌ದು. ಅದು ಕೂಗಿದರೆ ಏನು ಬೇಕಾದರೂ ಇರಬಹುದು. ನ್ಯುಮೋನಿಯಾ, ಸಕ್ಕರೆ ಏರಿ ಪ್ರಜ್ಞೆ ತಪ್ಪಿದವರು, ಮನೆಯಲ್ಲಿ ಬಿದ್ದ ಅಜ್ಜಿ.

"ಅಲ್ಲ ಕಣೇ, ನೀನು ಹಾರ್ಟ್ ಡಾಕ್ಟರ್ ಅಲ್ವಾ? ಜ್ವರದವರನ್ನೆಲ್ಲ ಯಾಕೆ ನೋಡ್ತೀಯ?" ಅಂತ ಊರಿಂದ ಚಿಕ್ಕಪ್ಪ ಫೋನಿನಲ್ಲಿ ಕೇಳಿದರು. ಜೊತೆಗೆ ಇನ್ನೊಂದು ಪ್ರಶ್ನೆ: "ಇನ್ನೂ ಎಷ್ಟು ವರ್ಷ?" ಎರಡಕ್ಕೂ ಉತ್ತರ ಒಂದೇ. ಇಲ್ಲಿ ನಿಯಮ ಬದಲಾಗಿದೆ, ನಾನು ಸರಿಯಾಗಿ ಅದರ ಬಾಯಿಗೇ ಬಂದು ಬಿದ್ದೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಮೆಡಿಕಲ್ ಕಾಲೇಜು ಮುಗಿದ ಮೇಲೆ ಇಲ್ಲಿ 2 ವರ್ಷ ಫೌಂಡೇಶನ್ ಅನ್ನುವ ಆರಂಭದ ತರಬೇತಿ. ಆಮೇಲೆ ಜನರಲ್ ಮೆಡಿಸಿನ್ ಹಿಂದೆ 2 ವರ್ಷ ಇತ್ತು, 2019ರಿಂದ ಹೃದಯದ ದಾರಿ ಹಿಡಿಯುವವರಿಗೆ 3 ವರ್ಷ ಆಯಿತು. ಅದಾದ ಮೇಲೆ ಕಾರ್ಡಿಯಾಲಜಿ 5 ವರ್ಷ. ಒಟ್ಟು 10. ನಮ್ಮಲ್ಲಿ ಎಂಡಿ 3, ಡಿಎಂ 3. ನನ್ನ ಜೊತೆ ಎಂಬಿಬಿಎಸ್ ಓದಿದವಳು ಎಂದೋ ಕನ್ಸಲ್ಟೆಂಟ್, ಅಂದರೆ ತರಬೇತಿ ಮುಗಿಸಿದ ತಜ್ಞೆ ಆದಳು. ಆ ವಿಷಯ ಇಲ್ಲಿಗೇ ಬಿಡೋಣ.

ನಾನು ಕಾರ್ಡಿಯಾಲಜಿಗೆ ಸೇರಿದ್ದು 2022ರ ಆಗಸ್ಟ್‌ನಲ್ಲಿ. ಹೊಸ ಪಠ್ಯಕ್ರಮ ಜಾರಿಗೆ ಬಂದದ್ದೂ ಅದೇ ತಿಂಗಳು. ಮೊದಲ ಬ್ಯಾಚು ಅಂದರೆ ಗೊತ್ತಲ್ಲ, ಕೇಳಿದರೆ ಹೇಳುವವರಿಲ್ಲ. ಹಿಂದೆ ಬರೀ ಕಾರ್ಡಿಯಾಲಜಿಯಲ್ಲಿ ಸರ್ಟಿಫಿಕೇಟ್ ತಗೊಂಡು ಹೋಗಬಹುದಿತ್ತು. ಈಗ ಜನರಲ್ ಮೆಡಿಸಿನ್ ಕೂಡ ಜೊತೆಯಲ್ಲೇ ಮುಗಿಸಬೇಕು. ಅಂದರೆ ಆ 5 ವರ್ಷದ ಒಳಗೇ ಸುಮಾರು ಒಂದು ವರ್ಷದಷ್ಟು ಕೆಲಸ ಹೃದಯದ್ದಲ್ಲ. ಶ್ವಾಸಕೋಶ, ಕಿಡ್ನಿ ತಜ್ಞರಾಗುವವರಿಗೂ ಇದೇ ಪಾಡು.

ಇದರ ಬೇರು 2013ರ ಒಂದು ವರದಿಯಲ್ಲಿದೆ. ಡೇವಿಡ್ ಗ್ರೀನವೇ ಅನ್ನುವವರು ಅದರ ಮುಖ್ಯಸ್ಥರು. ಅವರು ಡಾಕ್ಟರ್ ಅಲ್ಲ, ಅರ್ಥಶಾಸ್ತ್ರದ ಪ್ರೊಫೆಸರ್! ರೋಗಿಗಳಿಗೆ ವಯಸ್ಸಾಗುತ್ತಿದೆ, ಒಬ್ಬೊಬ್ಬರಿಗೆ ನಾಲ್ಕೈದು ಕಾಯಿಲೆ, ಒಂದೇ ಅಂಗ ನೋಡುವ ಡಾಕ್ಟರ್ ಸಾಲದು ಅಂತ ಅದರ ವಾದ. ಓದಿದಾಗ ನನಗೆ ಸಿಟ್ಟೇ ಬಂದಿತ್ತು. ವಾರ್ಡಿಗೆ ಜನ ಸಾಲದು ಅನ್ನೋದನ್ನು ಚೆಂದವಾಗಿ ಹೇಳಿದ್ದಾರೆ ಅಷ್ಟೇ ಅಂದುಕೊಂಡೆ. ಅರ್ಧ ಅನುಮಾನ ಈಗಲೂ ಇದೆ.

ಇನ್ನರ್ಧ ಹೋಗಿದ್ದು ಒಂದು ರಾತ್ರಿ. ವಯಸ್ಸಾದ ಹೆಂಗಸು, ಉಸಿರು ಕಟ್ಟುತ್ತಿದೆ, ಕಾಲು ಊದಿದೆ. ಹಳೇ ಹಾರ್ಟ್ ಫೇಲ್ಯೂರ್ ಕೇಸು. ಚೀಟಿಯಲ್ಲೂ ಅದೇ ಬರೆದಿತ್ತು. ನನ್ನ ಕಣ್ಣಿಗೂ ಮೊದಲು ಹೃದಯವೇ ಕಂಡಿತು. ನೀರು ಇಳಿಸುವ ಇಂಜೆಕ್ಷನ್ ಬರೆಯಲು ಹೊರಟೆ. ಅಷ್ಟರಲ್ಲಿ ರಕ್ತದ ರಿಪೋರ್ಟ್ ಬಂತು. ಹಿಮೋಗ್ಲೋಬಿನ್ ನೆಲ ಕಚ್ಚಿತ್ತು. ಕೇಳಿದರೆ ಮೂರು ವಾರದಿಂದ ಮಲ ಕಪ್ಪಗಿದೆಯಂತೆ, ಹೇಳಲು ನಾಚಿಕೆಯಾಯಿತಂತೆ. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಸೋರಲು ಕಾರಣ, ಹೃದಯದ ಬಡಿತ ತಪ್ಪುತ್ತದೆ ಅಂತ ನಮ್ಮಂಥವರೇ ಬರೆದುಕೊಟ್ಟ ರಕ್ತ ತೆಳುವಾಗಿಸುವ ಮಾತ್ರೆ.

ಆದರೆ ಅದೇ ವಾರ ನೈಟ್ ಡ್ಯೂಟಿ ಮುಗಿಸಿ ಮಲಗಿದ್ದಾಗ ಎರಡು ಕ್ಯಾತ್ ಲ್ಯಾಬ್ ಲಿಸ್ಟ್ ಕೈತಪ್ಪಿದವು. ಕ್ಯಾತ್ ಲ್ಯಾಬ್ ಅಂದರೆ ರಕ್ತನಾಳದೊಳಗಿಂದ ತಂತಿ ಹಾಯಿಸಿ ಹೃದಯದ ಚಿಕಿತ್ಸೆ ಮಾಡುವ ಕೋಣೆ, ಲಿಸ್ಟ್ ಅಂದರೆ ಆ ದಿನದ ಕೇಸುಗಳ ಪಟ್ಟಿ. ನಮ್ಮ ಸೀನಿಯರ್‌ಗಳು ಲ್ಯಾಬ್‌ನಲ್ಲೇ ಬೆಳೆದವರು. "ನಮ್ಮ ಕಾಲದಲ್ಲಿ" ಅಂತ ಶುರು ಮಾಡಿದರೆ ಮುಗಿಯುವುದಿಲ್ಲ. ನಮಗೆ ವಾರಕ್ಕೆ ಸರಾಸರಿ 48 ಗಂಟೆಯ ಮಿತಿ ಇದೆ. ಮಿತಿ ಒಳ್ಳೆಯದೇ, ನಿದ್ದೆಗಣ್ಣಲ್ಲಿ ತಂತಿ ಹಿಡಿಯುವವರನ್ನು ಯಾರು ಬಯಸುತ್ತಾರೆ? ಆದರೆ ಗಂಟೆ ಅಷ್ಟೇ ಇದ್ದು, ಕಲಿಯಬೇಕಾದದ್ದು ಮಾತ್ರ ಜಾಸ್ತಿ ಆದರೆ ಎಲ್ಲಿಂದಲೋ ಕತ್ತರಿಸಬೇಕಲ್ವಾ? ಕತ್ತರಿ ಬೀಳುವುದು ಕೈಕೆಲಸಕ್ಕೆ.

ಹೊಸ ವ್ಯವಸ್ಥೆಯಲ್ಲಿ ನನಗೆ ಮನಸಾರೆ ಹಿಡಿಸಿದ್ದು ಒಂದು. ಎಷ್ಟು ಮಾಡಿದೆ ಅನ್ನುವ ಲಾಗ್‌ಬುಕ್ ಈಗಲೂ ಇದೆ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ, ನಿನ್ನನ್ನು ಎಷ್ಟು ನಂಬಬಹುದು ಅನ್ನೋದು. ನಾಲ್ಕು ಹಂತ. ಒಂದನೆಯದು ಸುಮ್ನೆ ನಿಂತು ನೋಡುವುದು. ಎರಡರಲ್ಲಿ ಕನ್ಸಲ್ಟೆಂಟ್ ಪಕ್ಕದಲ್ಲೇ ಇರುತ್ತಾರೆ. ಮೂರರಲ್ಲಿ ಕರೆದರೆ ಬರುತ್ತಾರೆ. ನಾಲ್ಕು ಅಂದರೆ ನೀನೇ ಮಾಡಬಹುದು. ನೂರು ಸಲ ಕೆಟ್ಟದಾಗಿ ಮಾಡಿದವನಿಗಿಂತ ನಲವತ್ತು ಸಲ ಸರಿಯಾಗಿ ಮಾಡಿದವನು ಮೇಲು ಅಂತ ಕೊನೆಗೂ ಕಾಗದದ ಮೇಲೆ ಒಪ್ಪಿಕೊಂಡಿದ್ದಾರೆ. ನಂಬಿಕೆ ಬೆಳೆಯಲು ಅದೇ ಕನ್ಸಲ್ಟೆಂಟ್ ಜೊತೆ ದಿನಗಟ್ಟಲೆ ಇರಬೇಕು ಅನ್ನೋದು ಬೇರೆ ಮಾತು. ನಾವೋ, ವರ್ಷಕ್ಕೊಂದು ಆಸ್ಪತ್ರೆ ಬದಲಾಯಿಸುವವರು.

ಇದರ ಮೇಲೆ ಯುರೋಪಿನ ಕಾರ್ಡಿಯಾಲಜಿ ಪರೀಕ್ಷೆ ಬೇರೆ, 120 ಪ್ರಶ್ನೆ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟಿತು, ಪರೀಕ್ಷೆ ಮಾತ್ರ ಬಿಡಲಿಲ್ಲ.

ಮೊದಲ 3 ವರ್ಷ ಕಾರ್ಡಿಯಾಲಜಿಯ ಎಲ್ಲವನ್ನೂ ಕಲಿತೆ. ಕೊನೆಯ 2 ವರ್ಷ ಒಂದು ಕವಲು ಆರಿಸಿಕೊಳ್ಳಬೇಕು. ನಾನು ಪೇಸ್‌ಮೇಕರ್ ಕಡೆ ಹೋದೆ. ಕಷ್ಟದ ಕೇಸುಗಳಲ್ಲಿ ಈಗ ಮೂರನೇ ಹಂತದಲ್ಲಿದ್ದೇನೆ. ಜೂನ್‌ನ ವಾರ್ಷಿಕ ಪರಿಶೀಲನೆಗೆ ಮೊದಲು ನಾಲ್ಕಕ್ಕೆ ಏರಬೇಕು. ಮುಂದಿನ ವಾರ ಮೂರು ಲಿಸ್ಟ್ ಇವೆ. ಅದರಲ್ಲಿ ಒಂದರ ದಿನವೇ ಮೆಡಿಕಲ್ ಆನ್-ಕಾಲ್ ಬಿದ್ದಿದೆ. ಬದಲಾಯಿಸಿಕೊಳ್ತೀರಾ ಅಂತ ಇಬ್ಬರಿಗೆ ಮೆಸೇಜ್ ಹಾಕಿದ್ದೇನೆ. ಇಬ್ಬರೂ ನೋಡಿದ್ದಾರೆ, ಉತ್ತರ ಮಾತ್ರ ಬಂದಿಲ್ಲ.