60ರಲ್ಲಿ ಕಳೆದ ಒಂದು ಭಾನುವಾರ

ಆ ಭಾನುವಾರ ಬೆಳಗ್ಗೆ ಕೀಬೋರ್ಡ್ ಮುಂದೆ ಕೂತಾಗ ನನಗಿದ್ದದ್ದು ಒಂದೇ ಆಸೆ. 'ಇನ್ಸೆಪ್ಷನ್' ಅನ್ನುವ ಇಂಗ್ಲಿಷ್ ಚಿತ್ರದ ಕೊನೆಗೆ ಬರುವ 'ಟೈಮ್' ಅನ್ನು ಪೂರ್ತಿ ನುಡಿಸಬೇಕು. 2010ರಲ್ಲಿ ಹಾನ್ಸ್ ಜಿಮ್ಮರ್ ಮಾಡಿದ ಸಂಗೀತ, ನಾಲ್ಕೂವರೆ ನಿಮಿಷದ್ದು. ಶುರುವಿನ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪುಗಳು, ನಾಲ್ಕೇ: ಎ ಮೈನರ್, ಇ ಮೈನರ್, ಜಿ, ಡಿ. ಬೆರಳಿಗೆ ಕಷ್ಟವೇ ಇಲ್ಲ.

ನುಡಿಸಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಒಂದು ಸ್ವರವೂ ತಪ್ಪಿರಲಿಲ್ಲ. ಆದರೂ ಎದೆ ತುಂಬಲಿಲ್ಲ. ಮೂಲದಲ್ಲಿ ಮೈ ಜುಮ್ಮೆನ್ನುವ ಜಾಗ ನನ್ನ ಕೈಯಲ್ಲಿ ಸುಮ್ನೆ ಗಲಾಟೆಯಾಗಿತ್ತು.

ಯಾಕೆ ಅಂತ ತಿಳಿಯಲು ಮೊದಲು ಟೆಂಪೊ ನೋಡಿದೆ, ಅಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಅನ್ನುವ ವೇಗ. ಮೂಲವನ್ನು ಹಾಕಿ ಫೋನಿನ ಆ್ಯಪ್‌ಗೆ ಕೇಳಿಸಿದರೆ 120 ಅಂತ ತೋರಿಸಿತು. ನನ್ನ ಕಾಲು ತಟ್ಟುತ್ತಿದ್ದದ್ದು 60ಕ್ಕೆ, ಅಂದರೆ ಸೆಕೆಂಡಿಗೆ ಒಂದು ಪೆಟ್ಟು. ಲೆಕ್ಕದಲ್ಲಿ ಎರಡೂ ಸರಿ. ಒಂದು ಪೆಟ್ಟನ್ನು ಎರಡಾಗಿ ಒಡೆದು ಓಡುವ ತಂತಿವಾದ್ಯಗಳನ್ನು ಆ್ಯಪ್ ಎಣಿಸಿತ್ತು. ನಾನು ಎಣಿಸಿದ್ದು ಅದರ ಕೆಳಗಿನ ದೊಡ್ಡ ಉಸಿರನ್ನು. ಆದರೆ ಭಾವ ಇರುವುದು ಆ ಉಸಿರಿನಲ್ಲಿ. ಇದನ್ನು 120 ಅಂದುಕೊಂಡು ನುಡಿಸಿದರೆ ಅವಸರದ ಸಂಗೀತವಾಗಿಬಿಡುತ್ತದೆ.

ಆಮೇಲೆ ನನ್ನ ರೆಕಾರ್ಡಿಂಗ್ ಅಳೆದೆ. ಶುರುವಿನಲ್ಲಿ 60 ಇತ್ತು. ನಡುವೆ 66. ಜೋರಾಗಿ ನುಡಿಸುವ ಜಾಗಕ್ಕೆ ಬರುವಾಗ 74! ಸದ್ದು ಏರಿದ ಹಾಗೆ ನಾನು ಓಡಿದ್ದೆ, ನನಗೇ ಗೊತ್ತಾಗದೆ. ಮೂಲದಲ್ಲಿ ಆ ಓಟವೇ ಇಲ್ಲ. ಮೊದಲು ಮೆಲ್ಲನೆಯ ಪಿಯಾನೊ, ಆಮೇಲೆ ತಂತಿಗಳು, ಜಾನಿ ಮಾರ್ ಅವರ ಗಿಟಾರ್, ಹಿತ್ತಾಳೆಯ ವಾದ್ಯಗಳು, ಡ್ರಮ್. ಒಂದರ ಮೇಲೊಂದು ಬಂದು ಕೂರುತ್ತವೆ. ಪೆಟ್ಟು ಮಾತ್ರ ಅಲ್ಲೇ ಇರುತ್ತದೆ. ವೇಗ ಹೆಚ್ಚಾಗಿದೆ ಅಂತ ಇಷ್ಟು ವರ್ಷ ನಾನು ನಂಬಿದ್ದೆ. ಹೆಚ್ಚಾಗಿದ್ದದ್ದು ಭಾರ.

ಸಿನಿಮಾ ಸಂಗೀತದಲ್ಲಿ ಟೆಂಪೊಗೆ ಇನ್ನೊಂದು ಕೆಲಸವೂ ಇದೆ, ಅದು ಚಿತ್ರದ ಜೊತೆ ಹೆಜ್ಜೆ ಹಾಕಬೇಕು. ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಹಾಗಾಗಿ 60ರ ಟೆಂಪೊದಲ್ಲಿ ಒಂದು ಪೆಟ್ಟಿಗೆ ಸರಿಯಾಗಿ 24 ಫ್ರೇಮ್, 120ರಲ್ಲಿ 12. ಹಳೇ ಕಾಲದ ಸಂಗೀತಗಾರರು ಹೀಗೆ ಫ್ರೇಮ್ ಲೆಕ್ಕದಲ್ಲೇ ಕಿವಿಯಲ್ಲಿ ಪೆಟ್ಟು ತೋರಿಸುವ ಕ್ಲಿಕ್ ಸದ್ದು ಕೇಳುತ್ತಾ ನುಡಿಸುತ್ತಿದ್ದರು. ಈ ಚಿತ್ರದಲ್ಲಂತೂ ಕನಸಿನ ಒಂದೊಂದು ಮಟ್ಟದಲ್ಲಿ ಕಾಲ ಒಂದೊಂದು ವೇಗದಲ್ಲಿ ಸಾಗುತ್ತದೆ. ಕನಸು ಕಾಣುವವರನ್ನು ಎಬ್ಬಿಸಲು ಬಳಸುವುದು ಫ್ರೆಂಚ್ ಗಾಯಕಿ ಎಡಿತ್ ಪಿಯಾಫ್ ಅವರ ಹಾಡು. ಇಡೀ ಚಿತ್ರದ ಸಂಗೀತದ ಟೆಂಪೊ ಆ ಹಾಡಿನ ಟೆಂಪೊವನ್ನು ಭಾಗಿಸಿ, ಗುಣಿಸಿ ಬಂದದ್ದು ಅಂತ ಜಿಮ್ಮರ್ ಅವರೇ ಹೇಳಿದ್ದಾರೆ. ಕಥೆಯಲ್ಲಿ ಕಾಲ ಹಿಗ್ಗುವ ಹಾಗೇ ಸಂಗೀತದಲ್ಲೂ ಹಿಗ್ಗುತ್ತದೆ. ಎಷ್ಟು ಚೆಂದದ ಯೋಚನೆ, ಅಲ್ವಾ?

ಮಧ್ಯಾಹ್ನ ಅಕ್ಕನ ಮಗಳು ಬಂದಳು. ಅವಳು ಹಾಡು ಕಲಿಯುತ್ತಿದ್ದಾಳೆ. 'ಟೈಮ್'ನ ಕೀ ಯಾವುದು, ಅಂದರೆ ಸಂಗೀತ ಯಾವ ಸ್ವರವನ್ನು ಮನೆ ಮಾಡಿಕೊಂಡಿದೆ ಅಂತ ನಾನು ತಲೆ ಕೆಡಿಸಿಕೊಂಡಿದ್ದೆ. ಆ್ಯಪ್ ಜಿ ಮೇಜರ್ ಅಂದಿತ್ತು. ನನ್ನ ಕಿವಿ ಎ ಮೈನರ್ ಅನ್ನುತ್ತಿತ್ತು. ಆದರೆ ಎ ಮೈನರ್‌ನಲ್ಲಿ ಎಫ್ ಇರಬೇಕು, ಇಲ್ಲಿ ಡಿ ಕಾರ್ಡ್ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಎಫ್ ಶಾರ್ಪ್ ತರುತ್ತದೆ. ಅವಳು ಎ ಅನ್ನು ಷಡ್ಜ ಮಾಡಿಕೊಂಡು ಮೆಲ್ಲಗೆ ಸ್ವರ ಹಾಡಿ ನೋಡಿದಳು. "ಮಾಮ, ಇದು ಖರಹರಪ್ರಿಯ ರಾಗದ ಸ್ವರಗಳು. ನೀನು ನಟಭೈರವಿ ಅಂದುಕೊಂಡಿದ್ದೀಯ" ಅಂದಳು. ಧೈವತ, ಅಂದರೆ 'ದ' ಸ್ವರ, ಒಂದು ಮೆಟ್ಟಿಲು ಮೇಲಿದೆ, ಅಷ್ಟೇ ವ್ಯತ್ಯಾಸ. ಪಾಶ್ಚಾತ್ಯರು ಇದನ್ನು ಡೋರಿಯನ್ ಅನ್ನುತ್ತಾರೆ. ದುಃಖದ ನಡುವೆ ಒಂದು ಕಿಟಕಿ ತೆರೆದ ಹಾಗೆ ಕೇಳಿಸುವುದು ಆ ಒಂದು ಸ್ವರದಿಂದ.

ಆಮೇಲೆ ಅವಳನ್ನೇ ಕೇಳಿದೆ, "ಹಾಗಾದ್ರೆ ಷಡ್ಜ ಎ ಅಂತ ಗಟ್ಟಿನಾ?" ಅವಳು ಸುಮಾರು ಹೊತ್ತು ಕೇಳಿಸಿಕೊಂಡಳು. ಎ ಹಿಡಿದಳು, ಬಿಟ್ಟಳು. ಜಿ ಹಿಡಿದಳು. ಅದೂ ಕೂರಲಿಲ್ಲ. ಡಿ ಕಾರ್ಡ್ ಬಂದ ಕೂಡಲೇ ಕಿವಿ ಜಿಗಾಗಿ ಕಾಯುತ್ತದೆ. ಆದರೆ ಅಲ್ಲಿ ಜಿ ಸಿಗುವುದಿಲ್ಲ, ಸುತ್ತು ಬೇರೆ ಕಡೆ ತಿರುಗುತ್ತದೆ. ಮನೆಯ ಬಾಗಿಲವರೆಗೆ ಬಂದು ಒಳಗೆ ಹೋಗದ ಹಾಗೆ. ಮನೆಗೆ ಮರಳಲು ಹಂಬಲಿಸುವ ಒಬ್ಬ ಮನುಷ್ಯನ ಕಥೆಗೆ ಇದಕ್ಕಿಂತ ಸರಿಯಾದ ಕೀ ಇನ್ನೇನು ಬೇಕು? ಇದಕ್ಕೆ ಒಂದೇ ಕೀ ಹೇಳಿ ಮುಗಿಸುವುದು ನನಗೆ ಆಮೇಲೆ ಇಷ್ಟವಾಗಲಿಲ್ಲ.

ಸಂಜೆ ಪೆಟ್ಟು ಎಣಿಸಿ ತೋರಿಸುವ ಮೆಟ್ರೊನೋಮ್ ಅನ್ನು 60ಕ್ಕೆ ಇಟ್ಟು ಮತ್ತೆ ಕೂತೆವು. ನಾನು ಕಾರ್ಡ್ ಹಿಡಿದೆ, ಅವಳು ಮೇಲಿನ ಸಾಲು ಹಾಡಿದಳು. ಮೆಲ್ಲಗೆ ಇರುವಾಗ ಸುಲಭ. ಜೋರಾದಾಗ ತಡೆದು ನಿಲ್ಲುವುದು ಬಹಳ ಕಷ್ಟ. ಭುಜ ಬಿಗಿಯಾಯಿತು, ಬೆರಳು ಮುಂದೆ ಹೋಗಲು ಒದ್ದಾಡಿದವು. ನಾಲ್ಕು ಸಲ ಕೆಟ್ಟಿತು. ಐದನೇ ಸಲ ಪೆಟ್ಟಿಗಾಗಿ ಕಾಯಲು ಕಲಿತೆ. ಆಗ ಬೆಳಗ್ಗೆ ಸಿಗದಿದ್ದದ್ದು ಬಂತು. ಅವಳ ದನಿ ನಡುಗಿತು, ನಾನು ಅತ್ತ ನೋಡಲಿಲ್ಲ.

ಮೂಲದಲ್ಲಿ ಕೊನೆಗೆ ಎಲ್ಲ ವಾದ್ಯಗಳೂ ಸರಿದು ಪಿಯಾನೊ ಒಂದೇ ಉಳಿಯುತ್ತದೆ. ನಾವೂ ಹಾಗೇ ಮಾಡಿದೆವು. ಅವಳು ನಿಲ್ಲಿಸಿದಳು. ನಾನು ಕೊನೆಯ ಸ್ವರ ಒತ್ತಿ, ಅದು ಪೂರ್ತಿ ಆರುವ ತನಕ ಬೆರಳು ಎತ್ತಲಿಲ್ಲ. ಮೆಟ್ರೊನೋಮ್‌ನ ದೀಪ ಇನ್ನೂ ಸೆಕೆಂಡಿಗೊಮ್ಮೆ ಮಿನುಗುತ್ತಿತ್ತು.