ದೀಪಾ ಕರ್ಮಾಕರ್ ಇಳಿದ ಆ ಕ್ಷಣ

ಹಾಸನದಲ್ಲಿ ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಜಿಮ್ನಾಸ್ಟಿಕ್ಸ್ ಕಲಿಯೋ ಹೆಣ್ಣುಮಕ್ಕಳಿರೋ ಅಪ್ಪ-ಅಮ್ಮಂದಿರು ಇವತ್ತು ಮಕ್ಕಳನ್ನ ಪಕ್ಕ ಕೂರಿಸ್ಕೊಂಡು ಭಾರತದ ಜಿಮ್ನಾಸ್ಟ್ ದೀಪಾ ಕರ್ಮಾಕರ್ ಅವರ ರಿಯೋ ಒಲಿಂಪಿಕ್ಸ್ ವಾಲ್ಟ್ (ಓಡಿಬಂದು ಟೇಬಲ್ ಮೇಲೆ ಕೈಯೂರಿ ಹಾರೋದು) ಇನ್ನೊಂದ್ಸಲ ನೋಡಿ.

2016ರ ಫೈನಲ್‌ನಲ್ಲಿ ಅವರು ಮಾಡಿದ್ದು ಪ್ರೊಡುನೋವಾ ಅನ್ನೋ ವಾಲ್ಟ್. ಜೋರು ಓಟ, ಸ್ಪ್ರಿಂಗ್‌ಬೋರ್ಡ್ ಮೇಲೆ ಎರಡೂ ಕಾಲು, 125 ಸೆಂ.ಮೀ. ಎತ್ತರದ ಟೇಬಲ್ ಮೇಲೆ ಅಂಗೈ, ಆಮೇಲೆ ಗಾಳಿಯಲ್ಲಿ ಮುಂದಕ್ಕೆ ಎರಡು ಪಲ್ಟಿ. ಅಂಗೈ ಟೇಬಲ್ ಮುಟ್ಟೋ ಹೊತ್ತಲ್ಲೇ ಮುಕ್ಕಾಲು ಪಾಲು ತೀರ್ಮಾನ ಆಗೋಗುತ್ತೆ. ಮೊಣಕೈ ಒಂಚೂರು ಮಡಚಿದ್ರೂ ಓಟದ ವೇಗ ಅಲ್ಲೇ ಇಂಗಿಹೋಗಿ ಎತ್ತರ ಸಿಗಲ್ಲ. ಎತ್ತರ ಇಲ್ಲದಿದ್ರೆ ಮುದುಡಿದ ಮೈ ಬಿಚ್ಚೋಕೆ ಸಮಯ ಇಲ್ಲ. ಅದರ ಮೇಲೆ, ಮುಂದಕ್ಕೆ ಪಲ್ಟಿ ಹೊಡೆದು ಇಳಿಯುವಾಗ ನೆಲ ಕಣ್ಣಿಗೆ ಸರಿಯಾಗಿ ಬೀಳೋದೇ ಇಲ್ಲ. ರಿಯೋದಲ್ಲಿ ಪಾದ ಊರಿತು, ಆದ್ರೆ ಸೊಂಟ ಮ್ಯಾಟ್‌ವರೆಗೂ ಕುಸಿಯಿತು. ಎರಡು ವಾಲ್ಟ್‌ಗಳ ಸರಾಸರಿ ಅಂಕ 15.066, ನಾಲ್ಕನೇ ಸ್ಥಾನ. ಕಂಚು ತಪ್ಪಿದ್ದು 0.150 ಅಂತರದಲ್ಲಿ!

2017ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ, 2018ರಲ್ಲಿ ಟರ್ಕಿಯ ಮರ್ಸಿನ್‌ನಲ್ಲಿ ಚಿನ್ನ, 2024ರಲ್ಲಿ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಚಿನ್ನ, ಅದೇ ವರ್ಷ ನಿವೃತ್ತಿ. ಚಪ್ಪಟೆ ಪಾದದ ಹುಡುಗಿ ಇಷ್ಟು ಸಾಧಿಸಿದ್ದು ನನ್ನ ಲೆಕ್ಕದಲ್ಲಿ ಆ ಕಂಚಿಗಿಂತ ದೊಡ್ಡದು.

ಪಲ್ಟಿಗೆ ಮುಂಚೆ ಇಳಿಯೋದು ಕಲಿಸಿ. ಮೊಣಕಾಲೆತ್ತರದ ಪೆಟ್ಟಿಗೆಯಿಂದ ಜಿಗಿದಾಗ ಪಾದಗಳ ನಡುವೆ ಸೊಂಟದಷ್ಟು ಅಂತರ ಇರಲಿ, ಮೊಣಕಾಲು ಬೆರಳಿನ ನೇರಕ್ಕೇ ಬಾಗಲಿ. ಒಳಕ್ಕೆ ವಾಲಿದ್ರೆ ಅಲ್ಲಿಗೇ ನಿಲ್ಲಿಸಿ, ಮೊಣಕಾಲಿನ ಲಿಗಮೆಂಟ್ (ಮೂಳೆಗಳನ್ನ ಹಿಡಿದಿಡೋ ನಾರು) ಹರಿಯೋದು ಹೆಚ್ಚಾಗಿ ಹಾಗೇ. ಈ ಥಂಡೀಲಿ ಮ್ಯಾಟ್ ಪಸೆ ಹಿಡಿದಿರುತ್ತೆ, ಒಣಬಟ್ಟೇಲಿ ಒರೆಸಿ ಆಮೇಲೆ ಮಕ್ಕಳನ್ನ ಹತ್ತಿಸಿ.