ಸ್ಕರ್ಟಿಂಗ್ ಮೇಲಿನ ಎರಡು ಅಡಿ

ಮನೆಗಳ ಗೋಡೆ ಮೇಲೆ ಸಮುದ್ರ ಬಿಡಿಸುವುದು ನನ್ನ ಕೆಲಸ. ಮಕ್ಕಳ ರೂಮಿಗೆ ಮೀನು, ಆಮೆ, ಹವಳ ಬೇಕು ಅನ್ನುವವರೇ ಜಾಸ್ತಿ. ಇಂಥ ಚಿತ್ರದಲ್ಲಿ ಬೆಳಕೆಲ್ಲ ಮೇಲಿರುತ್ತದೆ. ಕಡು ನೀಲಿ, ಹವಳ, ಕ್ಲೌನ್ ಮೀನಿನಂಥ ಸೂಕ್ಷ್ಮ ಕೆಲಸ ಸ್ಕರ್ಟಿಂಗ್, ಅಂದರೆ ಗೋಡೆ ಬುಡದ ಪಟ್ಟಿ, ಅದರ ಮೇಲಿನ ಎರಡು ಅಡಿಯಲ್ಲೇ ಬರುತ್ತದೆ. ಗೋಡೆಗೆ ತೇವ ಏರುವುದೂ ಅಲ್ಲಿಂದಲೇ. ತಿಳಿ ಬಣ್ಣದ ಗೋಡೆ ಮೇಲೆ ತೇವಕ್ಕೆ ಬಿಳಿ ಉಪ್ಪು ಎದ್ದರೆ ಎಷ್ಟೋ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಕಡು ನೀಲಿ ಮೇಲೆ ತಕ್ಷಣ ಕಾಣುತ್ತದೆ. ಇಂಟೀರಿಯರ್ ಡಿಸೈನರ್‌ಗಳಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಬೆಂಗಳೂರಿನ ಒಂದು ಹಳೇ ಫ್ಲ್ಯಾಟ್. ಕೊಂಡವರು ಒಳಗೆಲ್ಲ ಹೊಸದು ಮಾಡಿಸುತ್ತಿದ್ದರು. ಗಂಡ ಹೆಂಡತಿ ಇಬ್ಬರೂ ನೇತ್ರಾಣಿಯಲ್ಲಿ ಡೈವ್ ಮಾಡಿದವರು. ಮುರುಡೇಶ್ವರದಿಂದ ಬೋಟಲ್ಲಿ ಹೋಗುವ ಆ ದ್ವೀಪದ ನೀರೇ ಮಗಳ ರೂಮಿನಲ್ಲಿ ಬೇಕು, ಜೊತೆಗೆ ವೇಲ್ ಶಾರ್ಕ್ ಮತ್ತು ಹಸಿರು ಆಮೆ ಇರಲಿ ಅಂದರು. ಡಿಸೈನರ್ ಕಳಿಸಿದ ರೆಫರೆನ್ಸ್‌ನಲ್ಲಿ ಶಾರ್ಕ್‌ನ ಬಾಲ ಅಡ್ಡಡ್ಡ ಮಲಗಿತ್ತು. ಅದು ತಿಮಿಂಗಿಲದ ಬಾಲ. ವೇಲ್ ಶಾರ್ಕ್ ಮೀನು, ಅದೂ ಜಗತ್ತಿನಲ್ಲೇ ಅತಿ ದೊಡ್ಡ ಮೀನು. ಅದರ ಬಾಲ ನೆಟ್ಟಗೆ ನಿಂತಿರುತ್ತದೆ, ಎಡಕ್ಕೆ ಬಲಕ್ಕೆ ಬೀಸುತ್ತದೆ. ಆಮೆಯ ಚಿಪ್ಪೂ ಅಷ್ಟೇ. ಹಸಿರು ಆಮೆಗೆ ಬೆನ್ನಿನ ನಡುಸಾಲಿನ ಎರಡೂ ಕಡೆ ನಾಲ್ಕು ನಾಲ್ಕು ಹಲಗೆ. ನಮ್ಮ ಕರಾವಳಿಯಲ್ಲಿ ಮೊಟ್ಟೆ ಇಡುವ ಆಲಿವ್ ರಿಡ್ಲೆ ಆಮೆಗೆ ಸಾಮಾನ್ಯವಾಗಿ ಆರು ಅಥವಾ ಇನ್ನೂ ಹೆಚ್ಚು. "ಯಾರು ಎಣಿಸ್ತಾರೆ ಮೇಡಂ?" ಅಂದರು ಡಿಸೈನರ್. ನೀರಿಗಿಳಿದು ನೋಡಿ ಬಂದವರು ಎಣಿಸುತ್ತಾರೆ.

ಗೃಹಪ್ರವೇಶದ ಹಿಂದಿನ ಸಂಜೆ, ಚಿತ್ರದ ಅಂಚು ನೀಟಾಗಿ ಬರಲೆಂದು ಅಂಟಿಸಿದ್ದ ಮಾಸ್ಕಿಂಗ್ ಟೇಪ್ ತೆಗೆಯಲು ಕೂತೆ. ಬಾಗಿಲ ಕಡೆಯಿಂದ ನೀಟಾಗಿ ಬಂತು. ಬಾತ್‌ರೂಮಿನ ಗೋಡೆ ಕೂಡುವ ಮೂಲೆಯಲ್ಲಿ ಟೇಪ್ ಭಾರ ಅನ್ನಿಸಿತು. ಸ್ವಲ್ಪ ಎಳೆದೆ. ಎಮಲ್ಷನ್ ಬಣ್ಣ, ಅದರಡಿಯ ಪ್ರೈಮರ್, ಪುಟ್ಟಿ ಮೂರೂ ಸೇರಿ, ಹೆಂಚಿನಿಂದ ದೋಸೆ ಎದ್ದ ಹಾಗೆ ಎದ್ದು ಬಂದವು. ಅರ್ಧ ಹವಳ ಟೇಪಿನಲ್ಲಿತ್ತು. ಒಳಗಿನ ಪ್ಲಾಸ್ಟರ್ ಕಪ್ಪಾಗಿ ಒದ್ದೆಯಾಗಿತ್ತು. ಹೆಬ್ಬೆರಳಿಂದ ಒತ್ತಿದರೆ ಪುಟ್ಟಿ ಉಗುರಿಗೆ ಮೆತ್ತಿಕೊಂಡಿತು.

ಪೈಪಿಗೆಂದು ಒಡೆದು ಮುಚ್ಚಿದ ಜಾಗದ ಪ್ಲಾಸ್ಟರ್ ಇನ್ನೂ ಒಣಗಿಲ್ಲ ಅಂತಲೇ ನಾನು ಅಂದುಕೊಂಡೆ. ಹೀಟ್ ಗನ್ ಹಿಡಿದೆವು. ಮೇಲೆ ಬೆಳ್ಳಗಾಯಿತು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕಪ್ಪು ಕಲೆ ವಾಪಸ್, ಮೊದಲಿಗಿಂತ ಅಗಲ. ಒಣಗದ ಪ್ಲಾಸ್ಟರ್ ಆಗಿದ್ದರೆ ಕಲೆ ಚಿಕ್ಕದಾಗಬೇಕಿತ್ತು. ಹೆಲ್ಪರ್ ಹುಡುಗ ಬಾತ್‌ರೂಮಿಗೆ ಹೋಗಿ ಬಂದು, "ಅಕ್ಕಾ, ಒಳಗೆ ಟೈಲ್ಸ್ ತೊಳೀತಿದ್ದಾರೆ, ಬಕೆಟ್‌ಗಟ್ಟಲೆ ನೀರು" ಅಂದ. ಹಳೇ ನೆಲ ಒಡೆದಾಗ ವಾಟರ್‌ಪ್ರೂಫಿಂಗ್ ಹೋಗಿತ್ತು. ನೆಲದ ನೀರು ಹೋಗುವ ನಾನಿ ಟ್ರ್ಯಾಪ್ ಸುತ್ತ ಸರಿಯಾಗಿ ಮುಚ್ಚಿರಲಿಲ್ಲ. ಟ್ರ್ಯಾಪ್ ಬಾಯಿ ಮುಚ್ಚಿ, ಸೋರುತ್ತದೆಯೇ ಎಂದು ನೀರು ನಿಲ್ಲಿಸಿ ನೋಡುವ ಪಾಂಡಿಂಗ್ ಟೆಸ್ಟನ್ನು ಟೈಮ್ ಇಲ್ಲ ಅಂತ ಬಿಟ್ಟಿದ್ದರು.

"ಟಚ್‌ಅಪ್ ಹೊಡೆದು ಮುಗಿಸಿ ಮೇಡಂ, ಬೆಳಗ್ಗೆ ಐದಕ್ಕೆ ಪುರೋಹಿತರು ಬರ್ತಾರೆ" ಅಂದ ಸೂಪರ್‌ವೈಸರ್. ಡಿಸೈನರ್ ಫೋನಲ್ಲಿ, "ಅಲ್ಲಿ ಬೀನ್ ಬ್ಯಾಗ್ ಇಡಿಸ್ತೀನಿ, ಫೋಟೋದಲ್ಲಿ ಕಾಣಲ್ಲ" ಅಂದರು. ಕ್ಲೈಂಟ್ ಜೊತೆ ನೇರ ಮಾತಾಡಬಾರದು ಅನ್ನುವುದು ಅವರ ರೂಲ್. ನಾನು ಫ್ಲ್ಯಾಟ್ ಕೊಂಡವರಿಗೇ ಫೋನ್ ಮಾಡಿದೆ. ಗೋಡೆ ಹಿಂದೆ ನೀರು ಹರಿಯುವಾಗ ಅದರ ಮೇಲೆ ಹವಳ ಬರೆದು ದುಡ್ಡು ತಗೊಳ್ಳಲು ನನ್ನಿಂದ ಆಗುವುದಿಲ್ಲ.

ರಾತ್ರಿಯೇ ಬಂದರು. ಆಕೆ ಗೋಡೆ ಮುಟ್ಟಿ ನೋಡಿ ಒಂದೇ ಮಾತು ಕೇಳಿದರು: "ಈಗ ಮುಚ್ಚಿದರೆ ಎಷ್ಟು ದಿನ ತಡೆಯುತ್ತೆ?" ಬಾತ್‌ರೂಮ್ ಬಳಸಲು ಶುರು ಮಾಡುವವರೆಗೆ ಅಂದೆ. ಮೂಲೆ ಹಾಗೇ ಬಿಡಿ ಅಂದರು. ಪೂಜೆಗೆ ಬಂದವರೆಲ್ಲ ಆ ಬೋಳು ಮೂಲೆ ನೋಡಿದರು. ಆಮೇಲೆ ಟ್ರ್ಯಾಪ್ ಕಿತ್ತು ಕೂರಿಸಿ, ನೀರು ನಿಲ್ಲಿಸಿ ಪರೀಕ್ಷೆ ಮಾಡಿ, ಎರಡು ಅಡಿ ಎತ್ತರಕ್ಕೆ ಇಟ್ಟಿಗೆವರೆಗೂ ಕೆತ್ತಿ ಒಣಗಿಸಿದರು. ನಾನು ಮತ್ತೆ ಹೋಗಿ ಹವಳ ಬರೆದೆ. ಡಿಸೈನರ್ ಮಾತ್ರ ಅದನ್ನು ರೀವರ್ಕ್ ಅಂತ ನನ್ನ ಬಿಲ್ಲಿನಲ್ಲೇ ಕಳೆದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಸ್ಕೆಚ್‌ಗೂ ಮೊದಲು ಗೋಡೆಯ ಕೆಳಗೆ ಒಂದಡಿ ಚೌಕದ ಪಾಲಿಥಿನ್ ಹಾಳೆ ಅಂಟಿಸುತ್ತೇನೆ. ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡುತ್ತೇನೆ. ಒಳಮೈಯಲ್ಲಿ ನೀರಹನಿ ಕೂತರೆ ಬ್ರಷ್ ಮುಟ್ಟುವುದಿಲ್ಲ. ಮಾಯಿಶ್ಚರ್ ಮೀಟರ್ ಕೂಡ ಇದೆ. ಅದರ ನಂಬರ್ ಬಗ್ಗೆ ಸೈಟಿನಲ್ಲಿ ವಾದ ಮಾಡುತ್ತಾರೆ, ಹನಿ ನೋಡಿದ ಮೇಲೆ ಯಾರೂ ಮಾಡುವುದಿಲ್ಲ. ಹೊಸ ಪ್ಲಾಸ್ಟರ್ ಆದರೆ ಕನಿಷ್ಠ 28 ದಿನ ಕಾಯಲೇಬೇಕು. ಇದನ್ನೆಲ್ಲ ಕೊಟೇಶನ್‌ನಲ್ಲೇ ಬರೆಯುತ್ತೇನೆ. ಅದಕ್ಕೇ ಕೆಲವರು ನನ್ನನ್ನು ಕರೆಯುವುದು ಬಿಟ್ಟಿದ್ದಾರೆ, ಬಿಡಲಿ. ಗೋಡೆಚಿತ್ರಕ್ಕೆ ಮನೆ ಹ್ಯಾಂಡೋವರ್‌ನ ಹಿಂದಿನ ಮೂರು ದಿನ ಅಂತ ಶೆಡ್ಯೂಲ್ ಹಾಕುವವರು ಮೊದಲು ಪಾಂಡಿಂಗ್ ಟೆಸ್ಟಿನ ಫೋಟೋ ಕಳಿಸಲಿ, ಆಮೇಲೆ ನನ್ನ ಡೇಟ್ ಕೇಳಲಿ.